ಗಾಜಿನ ಕೇಬಲ್‌ಗೂ ಅರ್ಥಿಂಗ್ ಬೇಕೆ?

ಕೇಳುಗರೇ, ನಮಸ್ಕಾರ.

ಆಪ್ಟಿಕಲ್ ಫೈಬರ್‌ನಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಹಾಗಾಗಿ ಅರ್ಥಿಂಗ್ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಗಾಜಿನ ಎಳೆಯ ಮಟ್ಟಿಗೆ ಆ ಮಾತು ಸರಿ. ಆದರೆ ಕೇಬಲ್ ಎಂದರೆ ಬರೀ ಗಾಜಲ್ಲ.

ನೆಲದಲ್ಲಿ ಹೂಳುವ ಎಷ್ಟೋ ಕೇಬಲ್‌ಗಳಲ್ಲಿ ಇಲಿ ಕಡಿಯದಂತೆ, ಕಲ್ಲು ಒತ್ತದಂತೆ ಸುಕ್ಕುಗಟ್ಟಿಸಿದ ಉಕ್ಕಿನ ತಗಡು ಸುತ್ತಿರುತ್ತಾರೆ. ಇದೇ ಆರ್ಮರ್. ಕೆಲವದರ ನಡುವೆ ಉಕ್ಕಿನ ತಂತಿಯೂ ಇರುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದರೆ, ವಿದ್ಯುತ್ ತಂತಿ ಹರಿದು ಮೇಲೆ ಬಿದ್ದರೆ, ಆ ಉಕ್ಕಿನ ಮೂಲಕ ಕರೆಂಟ್ ನೇರ ಕಟ್ಟಡದ ಒಳಗೆ ಉಪಕರಣ ಕೂರಿಸಿದ ರ‍್ಯಾಕ್‌ಗೆ ಬರುತ್ತದೆ. ಅರಾಮಿಡ್ ನೂಲು, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿ ಮಾತ್ರ ಇರುವ ಲೋಹವಿಲ್ಲದ ಕೇಬಲ್‌ಗೆ ಅರ್ಥಿಂಗ್ ಬೇಕಿಲ್ಲ. ಯಾವುದು ಯಾವುದೆಂದು ಹೊದಿಕೆಯ ಮೇಲಿನ ಅಚ್ಚು ಓದಿ. ಅನುಮಾನ ಬಂದರೆ ತುದಿಯಲ್ಲಿ ಒಂದಿಷ್ಟು ಸಿಪ್ಪೆ ಬಿಡಿಸಿ ನೋಡಿ.

ಆರ್ಮರ್ ಇದ್ದರೆ, ಕೇಬಲ್ ಕಟ್ಟಡದೊಳಗೆ ಬರುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ ಹೊರ ಹೊದಿಕೆ ಬಿಡಿಸಿ, ತಗಡಿಗೆ ಬಾಂಡಿಂಗ್ ಕ್ಲ್ಯಾಂಪ್ ಬಿಗಿದು, ದಪ್ಪ ತಾಮ್ರದ ತಂತಿಯಿಂದ ಕಟ್ಟಡದ ಅರ್ಥ್ ತಂತಿಗಳೆಲ್ಲ ಸೇರುವ ಅರ್ಥ್ ಬಾರ್‌ಗೆ ಜೋಡಿಸಬೇಕು. 6 ಎಡಬ್ಲ್ಯುಜಿ, ಅಂದರೆ ಸುಮಾರು 13 ಚದರ ಮಿಲಿಮೀಟರ್ ತಂತಿ ಇದಕ್ಕೆ ರೂಢಿಯಲ್ಲಿದೆ. ತಂತಿ ಗಿಡ್ಡಗಿರಲಿ, ನೇರವಾಗಿರಲಿ. ಉಳಿದದ್ದನ್ನು ಸುರುಳಿ ಸುತ್ತಿ ಕಟ್ಟಿದರೆ ಮೀಟರ್‌ನಲ್ಲಿ ರೆಸಿಸ್ಟೆನ್ಸ್ ಕಡಿಮೆಯೇ ಕಾಣುತ್ತದೆ. ಸಿಡಿಲಿನ ಕರೆಂಟ್ ಮೈಕ್ರೋಸೆಕೆಂಡುಗಳಲ್ಲಿ ಏರುವಾಗ ಮಾತ್ರ ಆ ಸುರುಳಿಯೇ ಅಡ್ಡಿಯಾಗಿ ವೋಲ್ಟೇಜ್ ಎದ್ದು ನಿಲ್ಲುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಫೈಬರ್‌ಗೆಂದೇ ನೆಲಕ್ಕೆ ಬೇರೆ ಅರ್ಥ್ ರಾಡ್ ಹೊಡೆದು, ಅದನ್ನು ಕಟ್ಟಡದ ಅರ್ಥ್‌ಗೆ ಸೇರಿಸದೆ ಬಿಡುವುದು. ಸಿಡಿಲು ಬಡಿದಾಗ ಎರಡು ರಾಡ್‌ಗಳ ವೋಲ್ಟೇಜ್ ಮಟ್ಟ ಬೇರೆಬೇರೆಯಾಗಿ, ಆ ವ್ಯತ್ಯಾಸವೆಲ್ಲ ಆರ್ಮರ್‌ಗೂ ರ‍್ಯಾಕ್‌ಗೂ ನಡುವೆ ಬರುತ್ತದೆ. ಅಲ್ಲಿ ಕೈಯಿಟ್ಟವರ ಗತಿ ಹೇಳಬೇಕಿಲ್ಲ. ಎರಡು ಕೇಬಲ್ ಕೂಡುವ ಪೆಟ್ಟಿಗೆ, ಅಂದರೆ ಜಾಯಿಂಟ್ ಕ್ಲೋಷರ್‌ನಲ್ಲೂ ಎರಡೂ ಕಡೆಯ ಆರ್ಮರ್‌ಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿರಬೇಕು. ನೆಲದಡಿಯ ಕೇಬಲ್ ಪತ್ತೆಹಚ್ಚಲು ಅರ್ಥ್ ಲಿಂಕ್ ಬಿಚ್ಚಿದರೆ, ಕೆಲಸ ಮುಗಿದ ಮೇಲೆ ಮರೆಯದೆ ಹಾಕಿ.

ಈಗ ಫೈಬರ್ ಸಂಪರ್ಕ ಕೆಟ್ಟಾಗಿನ ಮಾತು. ಎಳೆಯ ತುದಿಯ ಕನೆಕ್ಟರ್‌ನಿಂದ ಶುರು ಮಾಡಿ, ಓಟಿಡಿಆರ್‌ನಿಂದಲ್ಲ (ಎಳೆಯೊಳಗೆ ಬೆಳಕಿನ ಮಿಡಿತ ಕಳಿಸಿ, ಮರಳುವ ಬೆಳಕಿನಿಂದ ದೋಷದ ದೂರ ತೋರುವ ಉಪಕರಣ ಇದು). ಸಿಂಗಲ್ ಮೋಡ್ ಎಂಬ ಬಗೆಯ ಎಳೆಯಲ್ಲಿ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್. ಅದರ ಮೇಲೆ ಕೂತ ಧೂಳಿನ ಒಂದು ಕಣ ಸಾಕು, ಬೆಳಕಿಗೆ ಅಡ್ಡಿಯಾಗಲು. ಒಳಗಿನ ಬೆಳಕು ಕಣ್ಣಿಗೆ ಕಾಣದು, ಕಣ್ಣನ್ನು ಸುಡಬಲ್ಲದು; ಆದ್ದರಿಂದ ತುದಿಯನ್ನು ಬರಿಗಣ್ಣಿಂದ ಎಂದಿಗೂ ನೋಡಬೇಡಿ. ಲೇಸರ್ ಆರಿಸಿ, ಫೈಬರ್ ತುದಿ ನೋಡುವ ಸೂಕ್ಷ್ಮದರ್ಶಕ ಸ್ಕೋಪ್‌ನಲ್ಲಿ ನೋಡಿ, ಒಣ ಕ್ಲೀನರ್‌ನಿಂದ ಒರೆಸಿ, ಮತ್ತೆ ನೋಡಿ. ಹಸಿರು ಎಪಿಸಿ ಕನೆಕ್ಟರ್‌ನ ಮುಖ 8 ಡಿಗ್ರಿ ಓರೆ. ಅದನ್ನು ಓರೆಯಿಲ್ಲದ ನೀಲಿ ಯುಪಿಸಿಗೆ ಚುಚ್ಚಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಹಳದಿ ಸಿಂಗಲ್ ಮೋಡ್ ಲೈನಿನ ನಡುವೆ ಅಗಲ ತಿರುಳಿನ ಕಿತ್ತಳೆ ಮಲ್ಟಿಮೋಡ್ ಪ್ಯಾಚ್ ಕಾರ್ಡ್ (ಗಿಡ್ಡ ಜೋಡಣೆ ಕೇಬಲ್) ಸೇರಿಕೊಂಡಿದ್ದರೂ ಹೀಗೆಯೇ: 50 ಮೈಕ್ರಾನ್ ತಿರುಳಿನಿಂದ 9 ಮೈಕ್ರಾನ್‌ಗೆ ಬರುವಾಗ ಹೆಚ್ಚು ಪಾಲು ನಷ್ಟ.

ಆಮೇಲೆ ಬೆಳಕಿನ ಬಲ ಅಳೆಯುವ ಪವರ್ ಮೀಟರ್. ಅಳೆಯುವ ಮೊದಲೇ ಎಷ್ಟು ನಷ್ಟ ಇರಬೇಕೆಂದು ಲೆಕ್ಕ ಹಾಕಿಡಿ. 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಿಲೋಮೀಟರ್‌ಗೆ 0.35 ಡಿಬಿ (ಡೆಸಿಬೆಲ್) ನಷ್ಟದಂತೆ 10 ಕಿಲೋಮೀಟರ್‌ಗೆ 3.5, ಎರಡು ಕನೆಕ್ಟರ್‌ಗೆ ತಲಾ 0.5, ನಾಲ್ಕು ಸ್ಪ್ಲೈಸ್‌ಗೆ (ಎಳೆ ಬೆಸೆದ ಜಾಗ) ತಲಾ 0.1. ಒಟ್ಟು 4.9. ಮೀಟರ್ 9 ಡಿಬಿ ನಷ್ಟ ತೋರಿಸಿದರೆ ದಾರಿಯಲ್ಲೆಲ್ಲೋ ಏನೋ ಆಗಿದೆ.

ಆಗ ಓಟಿಡಿಆರ್ ತೆಗೆಯಿರಿ. 1310 ಮತ್ತು 1550 ಎರಡರಲ್ಲೂ ಓಡಿಸಿ. ನಷ್ಟ 1550ರಲ್ಲಿ ಎದ್ದು ಕಂಡು 1310ರಲ್ಲಿ ಕಡಿಮೆಯಿದ್ದರೆ ಎಳೆ ಎಲ್ಲೋ ಬಾಗಿದೆ: ಟ್ರೇಯಲ್ಲಿ ಸಿಕ್ಕಿಕೊಂಡಿರಬಹುದು, ಟೈ ಬಿಗಿಯಾಗಿರಬಹುದು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸ್ಪ್ಲೈಸ್ ಅಥವಾ ಕನೆಕ್ಟರ್ ನೋಡಿ. ಓಟಿಡಿಆರ್ ತೋರುವ ದೂರ ಎಳೆಯ ಉದ್ದ, ನೆಲದ ಉದ್ದವಲ್ಲ. ಟ್ಯೂಬ್‌ನೊಳಗೆ ಎಳೆ ಕೇಬಲ್‌ಗಿಂತ ಸ್ವಲ್ಪ ಉದ್ದವಿರುತ್ತದೆ, ಕ್ಲೋಷರ್‌ಗಳಲ್ಲಿ ಸುರುಳಿಯೂ ಉಳಿದಿರುತ್ತದೆ. ಆದ್ದರಿಂದ ಗ್ರಾಫ್‌ನಲ್ಲಿ ದೋಷಕ್ಕೆ ಹತ್ತಿರದ, ಜಾಗ ಗೊತ್ತಿರುವ ಜಾಯಿಂಟ್ ಗುರುತಿಸಿ, ಅಲ್ಲಿಂದ ಅಳೆಯಿರಿ. ಅಗೆಯುವ ಮೊದಲು ಆ ಕ್ಲೋಷರ್ ಬಿಚ್ಚಿ ನೋಡಿ.