ಹಳೇ ಜಿಪ್ಸಿ ಕೊಳ್ಳುವಾಗ ಮೊದಲು ಚಾಸಿ ನೋಡಿ

ಕೇಳುಗರಿಗೆ ನಮಸ್ಕಾರ.

ರಜೆಯ ದಿನ ಡಾಂಬರು ಬಿಟ್ಟು ಕೆಸರು, ಕಲ್ಲು, ಹಳ್ಳ ಹಾಯುವ ದಾರಿಯಲ್ಲಿ ಗಾಡಿ ಓಡಿಸಬೇಕು ಎಂಬ ಆಸೆ ಇರುವವರು ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿಯನ್ನು ಹುಡುಕುವುದಕ್ಕೆ ಒಳ್ಳೆಯ ಕಾರಣವಿದೆ. ತೂಕ ಹೆಚ್ಚುಕಮ್ಮಿ ಒಂದು ಟನ್ ಅಷ್ಟೆ. ಭಾರದ ಗಾಡಿ ಹೂತುಹೋಗುವ ಕೆಸರಿನ ಮೇಲೆ ಇದು ತೇಲಿದಂತೆ ಹೋಗುತ್ತದೆ. 1985ರ ಕೊನೆಯಲ್ಲಿ ಬಂದ ಗಾಡಿ 2019ರವರೆಗೂ ಮಾರಾಟವಾಯಿತು. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳೆಲ್ಲ ಬಳಸಿದ್ದರಿಂದ ಬಿಡಿಭಾಗಗಳೂ ಸಿಗುತ್ತವೆ, ಕೈ ಪಳಗಿದ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಆದರೆ ಹೊಸದು ಬರುವುದು ನಿಂತುಹೋಗಿರುವುದರಿಂದ, ಇಂದು ಮಾರಾಟಕ್ಕೆ ನಿಂತಿರುವ ಪ್ರತಿಯೊಂದು ಜಿಪ್ಸಿಯೂ ವರ್ಷಗಟ್ಟಲೆ ದುಡಿದು ಬಂದದ್ದೇ.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮಾಡುವುದೇನು? ಬಾನೆಟ್ ಎತ್ತಿಸಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಸದ್ದು ಕೇಳುತ್ತಾರೆ. ಎಂಜಿನ್ ಕೊನೆಗೆ ನೋಡಿದರೂ ನಡೆಯುತ್ತದೆ. ಕೆಟ್ಟ ಎಂಜಿನ್ನನ್ನು ಬಿಚ್ಚಿ ಬೋರ್ ಮಾಡಿಸಿ ಮತ್ತೆ ಕೂರಿಸಬಹುದು. ಗಾಡಿಯನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಗೆ ಆ ಅನುಕೂಲವಿಲ್ಲ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಅದೇ ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ಆ ಕಬ್ಬಿಣ ಲಡ್ಡು ಹಿಡಿದರೆ ಗಾಡಿಯೂ ಹೋಯಿತು, ಕಾಗದವೂ ಹೋಯಿತು. ಅದಕ್ಕೇ ಮೊದಲು ಗಾಡಿಯ ಅಡಿಗೆ ಮಲಗಬೇಕು.

ಜೊತೆಗೆ ಒಂದು ಗೋಣಿಚೀಲ, ಒಳ್ಳೆಯ ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬೆಳಗ್ಗೆ ಹೋಗಿ, ಹಗಲು ಬೆಳಕಿನಲ್ಲೇ ನೋಡಿ. ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ; ಬಿಸಿಯಿದ್ದರೆ, ತಣ್ಣಗಿದ್ದಾಗ ಕಾಣುವ ಯಾವುದೋ ದೋಷವನ್ನು ಮರೆಮಾಡಿದ್ದಾರೋ ಏನೋ ಎಂಬ ಅನುಮಾನ ಇಟ್ಟುಕೊಳ್ಳಬೇಕು.

ಜಿಪ್ಸಿಯ ಚಾಸಿ ಏಣಿಯ ಆಕಾರದ್ದು, ಒಳಗೆ ಟೊಳ್ಳು. ಕೆಸರು ಆ ಟೊಳ್ಳಿನೊಳಗೆ ಹೋಗಿ ಕೂತರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಒಳಗಿನಿಂದ ಹೊರಗೆ ತಿಂದುಕೊಂಡು ಬರುತ್ತದೆ. ಹೊರಗಡೆ ಕಂಡಾಗ ಒಳಗೆ ಮುಗಿದಿರುತ್ತದೆ. ಹಿಂದಿನ ಆಕ್ಸಲ್ಲಿನ ಮೇಲ್ಭಾಗ, ಲೀಫ್ ಸ್ಪ್ರಿಂಗಿನ ಕೊಂಡಿ (ಶ್ಯಾಕಲ್) ಕೂರುವ ಜಾಗ, ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡಿರುವ ಮೌಂಟುಗಳು, ಇವೇ ಮೊದಲು ಹೋಗುವ ಜಾಗಗಳು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ. ತುಕ್ಕು ತಿಂದಿದ್ದರೆ ಸದ್ದು ‘ದಬ್’ ಎಂದು ಸತ್ತುಹೋಗುತ್ತದೆ, ಕೆಂಪು ಪುಡಿ ಮುಖದ ಮೇಲೆ ಉದುರುತ್ತದೆ. ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ. ಮಾರುವ ಮುಂಚೆ ಬಳಿದ ಅಂಡರ್‌ಕೋಟಿಂಗ್ ಬಹಳ ಸಲ ತುಕ್ಕಿನ ಮೇಲಿನ ಹೊದಿಕೆ. ಒಪ್ಪಿಗೆ ಕೇಳಿ ಸ್ಕ್ರೂಡ್ರೈವರ್ ತುದಿಯಿಂದ ಒಂದೆರಡು ಕಡೆ ಕೆರೆದು ನೋಡಿ. ಕೆರೆಯಲು ಬಿಡದಿದ್ದರೆ ಅದೇ ನಿಮಗೆ ಉತ್ತರ.

ಸ್ಟಿಯರಿಂಗ್ ಬಾಕ್ಸ್ ಚಾಸಿಗೆ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿ ಕಲ್ಲಿನ ದಾರಿಯಲ್ಲಿ ಓಡಿಸಿದ ಗಾಡಿಗಳಲ್ಲಿ ಅಲ್ಲಿ ಬಿರುಕು ಬಿಡುತ್ತದೆ, ಏಕೆಂದರೆ ಚಕ್ರ ತಿರುಗಿಸುವ ಬಲವೆಲ್ಲ ಆ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಆಮೇಲೆ ಒಳಗೆ ಮ್ಯಾಟ್ ಎತ್ತಿ ಡ್ರೈವರ್ ಕಾಲಡಿಯ ತಗಡು ನೋಡಿ. ಅಯಸ್ಕಾಂತ ಹಿಡಿಯದ ಕಡೆ ತಗಡಿಲ್ಲ, ಬರೀ ಪುಟ್ಟಿ. ನೆಲದ ತಗಡನ್ನು ಟಿಂಕರಿಂಗ್‌ನವರು ಹೊಸದಾಗಿ ಹಾಕಿಕೊಡುತ್ತಾರೆ, ಅಲ್ಲಿ ಚೌಕಾಸಿ ಮಾಡಬಹುದು. ಚಾಸಿಯಲ್ಲಿ ತುಕ್ಕು ತಿಂದ ತೂತು ಕಂಡರೆ ಚೌಕಾಸಿಯೇ ಬೇಡ, ನಮಸ್ಕಾರ ಹೇಳಿ ಹೊರಡಿ.

ಇನ್ನು ಫೋರ್ ವೀಲ್, ಅಂದರೆ ಟ್ರಾನ್ಸ್‌ಫರ್ ಲಿವರ್ ಹಾಕಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ವ್ಯವಸ್ಥೆ. ಊರೊಳಗೇ ಓಡಿದ ಗಾಡಿಯಲ್ಲಿ ಆ ಲಿವರನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಜಿಪ್ಸಿಯ ಮುಂದಿನ ಚಕ್ರಗಳ ನಡುವೆ ಒಂದೊಂದು ಹಬ್ ಇರುತ್ತದೆ, ಕೈಯಿಂದ ಫ್ರೀ ಅಥವಾ ಲಾಕ್ ಮಾಡುವಂಥದ್ದು. ಸಮತಟ್ಟು ನೆಲದಲ್ಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರ್ ಟೂ ವೀಲಿನಲ್ಲೇ ಇಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಹಬ್ ಫ್ರೀ ಇರುವಾಗ ಚಕ್ರ ತಿರುಗಿಸಿದರೆ ಮುಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡಬಾರದು. ಎರಡೂ ಹಬ್ ಲಾಕ್ ಮಾಡಿ ತಿರುಗಿಸಿದರೆ ಅದೂ ತಿರುಗಬೇಕು. ಎರಡೂ ಕಡೆ ಹೀಗೇ ನೋಡಿ. ಶಾಫ್ಟ್ ತಿರುಗುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಸಾಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಲೇಬೇಡಿ.

ಚಕ್ರ ಮೇಲಿರುವಾಗಲೇ ಇನ್ನೊಂದು ಪರೀಕ್ಷೆ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಚಕ್ರವನ್ನು ಅಲ್ಲಾಡಿಸಿ. ಕಟಕಟ ಎಂದು ಪ್ಲೇ ಬಂದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ನಿಂತರೆ ಚಕ್ರದ ಬೇರಿಂಗ್ ಸವೆದಿದೆ. ಹಾಗೇ ಉಳಿದರೆ ಕಿಂಗ್ ಪಿನ್ ಬೇರಿಂಗ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಬೇರಿಂಗ್. ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆದ್ದಾರಿಯಲ್ಲಿ ಒಂದು ಗುಂಡಿ ಹಾರಿದ ಮೇಲೆ ಸ್ಟಿಯರಿಂಗ್ ಗಡಗಡ ನಡುಗಿ, ಗಾಡಿ ನಿಲ್ಲಿಸುವವರೆಗೂ ಬಿಡದಿರುವ ಆ ಭಯಂಕರ ಅನುಭವಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮುಂದಿನ ಚಕ್ರದ ಹಿಂದೆ ಚೆಂಡಿನಂಥ ಒಂದು ಉಬ್ಬು ಕಾಣುತ್ತದೆ, ಅದೇ ನಕಲ್. ಅದರ ಮೇಲೆ ತೆಳ್ಳಗೆ ಗ್ರೀಸ್ ಮೆತ್ತಿದ್ದರೆ ಸರಿ. ತೆಳು ಎಣ್ಣೆ ಸುರಿದು ಟೈರಿನ ಒಳಮೈವರೆಗೆ ಇಳಿದಿದ್ದರೆ, ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ಲಿನ ಎಣ್ಣೆ ಗ್ರೀಸನ್ನು ತೊಳೆದುಹಾಕಿದೆ ಎಂದರ್ಥ. ಹಾಗೇ ಓಡಿಸಿದರೆ ಒಳಗಿನ ಜಾಯಿಂಟ್ ಸವೆಯುತ್ತದೆ. ಅದು ಸವೆದಿದೆಯೇ ಎಂದು ತಿಳಿಯಲು ಸಡಿಲ ಮಣ್ಣಿರುವ ಖಾಲಿ ಜಾಗಕ್ಕೆ ಹೋಗಿ, ಹಬ್ ಲಾಕ್ ಮಾಡಿ, ಫೋರ್ ವೀಲ್ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತಿ. ಟಕ್ ಟಕ್ ಎಂದು ಸದ್ದು ಬಂದರೆ ಜಾಯಿಂಟ್ ಮುಗಿಯುತ್ತಾ ಬಂದಿದೆ. ಡಾಂಬರಿನ ಮೇಲೆ ಈ ಪರೀಕ್ಷೆ ಮಾಡಬಾರದು. ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಜಿಪ್ಸಿಯ ಫೋರ್ ವೀಲಿನಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಮಣ್ಣಿನಲ್ಲಾದರೆ ಟೈರು ಜಾರಿ ಸರಿದೂಗಿಸಿಕೊಳ್ಳುತ್ತದೆ, ಡಾಂಬರಿನಲ್ಲಿ ಆ ತಿರುಚು ಗಿಯರಿಗೇ ಬೀಳುತ್ತದೆ.

ಆಮೇಲೆ ಗಾಡಿ ನಿಲ್ಲಿಸಿ ಅದೇ ಲಿವರಿನಿಂದ ಲೋ, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಫೋರ್ ವೀಲ್ ಹಾಕಿ. ಲೋನಲ್ಲಿ ಎಳೆತ ಒಂದೂವರೆ ಪಟ್ಟಿಗೂ ಹೆಚ್ಚು. ಮೊದಲ ಗಿಯರಿನಲ್ಲಿ ಸ್ವಲ್ಪ ಏರು ಹತ್ತಿಸಿ, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಆ ಹೊತ್ತಿಗೆ ಲಿವರ್ ತಾನಾಗಿ ನ್ಯೂಟ್ರಲಿಗೆ ಹಾರಿದರೆ ಆ ಲಿವರಿನ ಅಡಿಯ ಗಿಯರ್ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಲೇಬೇಕು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಹೀಗೆ ತಪ್ಪಿದರೆ ಬ್ರೇಕೊಂದೇ ಗತಿ. ಒದ್ದೆ ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ.

ಮಾರುವವರು ಒಪ್ಪಿದರೆ ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ ಎಣ್ಣೆ ತುಂಬುವ ಬೋಲ್ಟನ್ನು ಬಿಚ್ಚಿಸಿ, ಬೆರಳು ಅದ್ದಿ ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಹೇಗೆ ಹೋಗುತ್ತದೆ ಅಂದರೆ, ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇಟ್ಟ ತೂತು, ಅಂದರೆ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಹೌಸಿಂಗ್ ಸೀಲುಗಳ ಮೂಲಕ ನೀರನ್ನೇ ಹೀರಿಕೊಳ್ಳುತ್ತದೆ. ಬೆರಳಿಗೆ ಲೋಹದ ಸಣ್ಣ ಚೂರುಗಳು ಹತ್ತಿದರಂತೂ ಕ್ರೌನ್-ಪಿನಿಯನ್, ಅಂದರೆ ಒಳಗಿನ ಹಲ್ಲುಚಕ್ರಗಳ ಜೋಡಿಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಈಗ ಎಂಜಿನ್. 970 ಸಿಸಿಯ ಹಳೆಯ ಜಿಪ್ಸಿಗೂ ಕಾರ್ಬುರೇಟರಿನ 1.3 ಲೀಟರ್ ಜಿಪ್ಸಿ ಕಿಂಗ್‌ಗೂ ಒಂದೇ ತೊಂದರೆ. ಕಡಿದಾದ ಏರಿನಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಒಂದು ಕಡೆ ವಾಲಿ ಗಾಡಿ ಆಫ್ ಆಗುತ್ತದೆ. ಆಮೇಲೆ ಬಂದ ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ 16 ವಾಲ್ವಿನ 80 ಅಶ್ವಶಕ್ತಿಯ ಎಂಜಿನ್ನಿಗೆ ಈ ಕಾಟವಿಲ್ಲ. ಕೆಸರು, ಕಲ್ಲಿನ ದಾರಿಗೆಂದೇ ಕೊಳ್ಳುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಎಂಪಿಎಫ್‌ಐ ಹುಡುಕುವುದು ಒಳ್ಳೆಯದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಮೆಕ್ಯಾನಿಕ್ ಕೈಲಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಾಯಿಸಿಲ್ಲ ಎಂದೇ ತಿಳಿಯಿರಿ.

ದೊಡ್ಡ ಟೈರು, ಎತ್ತರಿಸಿದ ಸ್ಪ್ರಿಂಗು, ಮುಂದೆ ದಪ್ಪ ಕಬ್ಬಿಣದ ಬಂಪರು ಇರುವ ಗಾಡಿ ಕಣ್ಣು ಸೆಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿತು. ಫಿಟ್‌ನೆಸ್ ತಪಾಸಣೆಗೆ (ಎಫ್‌ಸಿ) ಹೋದಾಗ ಅವನ್ನೆಲ್ಲ ಬಿಚ್ಚಬೇಕಾಗುವುದು ನೀವೇ. ಮೀಟರಿನ ಲೆಕ್ಕವೂ ತಪ್ಪುತ್ತದೆ. ಕಿಂಗ್‌ನ ಮೂಲ ಟೈರು 205/70 ಆರ್15. ಅದರ ಬದಲು 235/75 ಹಾಕಿದ್ದರೆ ಮೀಟರ್ 100 ಕಿಲೋಮೀಟರ್ ತೋರಿಸುವಾಗ ಗಾಡಿ ಸುಮಾರು 110 ಓಡಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಕಚ್ಚು ಎಷ್ಟೇ ಆಳವಾಗಿ ಕಂಡರೂ ಆರು ವರ್ಷ ದಾಟಿದ ರಬ್ಬರಿಗೆ ಬೆಲೆ ಕಟ್ಟಬೇಡಿ.

ಕಾಗದಪತ್ರದಲ್ಲಿ ಅವಸರ ಬೇಡ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ. ಮೂಡುವ ಅಕ್ಷರಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ಹೋಲಿಸಿ. ಎಂಜಿನ್ ನಂಬರಿಗೂ ಹಾಗೇ. ಬೇರೆ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿಲ್ಲದಿದ್ದರೆ ಆ ಗಾಡಿ ಬೇಡ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿದಿದ್ದರೆ, ನವೀಕರಿಸಿ ಕೊಟ್ಟ ಮೇಲೆಯೇ ಹಣ ಎಂದು ಮಾತಾಡಿಕೊಳ್ಳಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದ ಗಾಡಿಗೆ ಬ್ಯಾಂಕಿನ ಸಹಿಯ ಫಾರಂ 35. ಹೊರರಾಜ್ಯದ ಗಾಡಿಗೆ ಎನ್‌ಒಸಿ ಬೇಕು, ಇಲ್ಲಿನ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಬೆಲೆಗೆ ಸೇರಿಸಿ ನೋಡಿದರೆ ‘ಅಗ್ಗದ’ ಗಾಡಿ ಬಹಳ ಸಲ ಅಗ್ಗವಲ್ಲ. ಸೇನೆಯ ಹರಾಜಿನಿಂದ ಬಂದ ಜಿಪ್ಸಿಯಾದರೆ ನಾಗರಿಕ ನೋಂದಣಿ ಆಗಿರುವುದನ್ನೇ ನೋಡಿ. ಹರಾಜಿನ ಚೀಟಿಯೊಂದನ್ನೇ ನಂಬಿ ಹಣ ಕೊಡಬೇಡಿ.

ಗಾಡಿ ಮನೆಗೆ ಬಂದ ಮೇಲೆ ಗಿಯರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್ ಎಲ್ಲದರ ಎಣ್ಣೆ ಬದಲಿಸಿ. ಒಟ್ಟು ಸುಮಾರು ಆರು ಲೀಟರ್ ಹಿಡಿಯುತ್ತದೆ. ಬ್ರೇಕ್ ಎಣ್ಣೆ, ರೇಡಿಯೇಟರ್ ಹೋಸ್‌ಗಳನ್ನೂ ಹೊಸದು ಹಾಕಿಸಿ. ಎಳೆಯುವ ಕೊಕ್ಕೆ ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಆಗಿರಬೇಕು. ಹೂತ ಗಾಡಿ ಎಳೆಯುವಾಗ ಬಂಪರ್ ಕಿತ್ತು ಹಾರಿದರೆ ಜೀವಕ್ಕೇ ಅಪಾಯ.

ಓಡಿಸುವ ಜಾಗದ ಬಗ್ಗೆಯೂ ಹೇಳಲೇಬೇಕು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ, ಅದಕ್ಕಿಂತ ಮುಖ್ಯವಾಗಿ ಅದು ಆನೆ, ಕಾಟಿಗಳ ಮನೆ. ಮಾಲೀಕರ ಒಪ್ಪಿಗೆ ಪಡೆದ ಕಾಫಿ ತೋಟದ ದಾರಿಗಳಲ್ಲೇ ಬೇಕಾದಷ್ಟು ಏರು, ಕೆಸರು ಸಿಗುತ್ತದೆ. ಹುಲ್ಲುಗಾವಲಿನ ಮೇಲೆ ಚಕ್ರ ಹತ್ತಿಸಬೇಡಿ. ಒಮ್ಮೆ ಮೂಡಿದ ಚಕ್ರದ ಗುರುತಿನಲ್ಲಿ ಮುಂದಿನ ಮಳೆಯ ನೀರು ಕಾಲುವೆಯಾಗಿ ಹರಿದು ಮಣ್ಣನ್ನೇ ಕೊಚ್ಚುತ್ತದೆ.

ಮೊದಲ ಸವಾರಿ ಮುಗಿಸಿ ಡಾಂಬರಿಗೆ ಹತ್ತುವಾಗ ಫೋರ್ ವೀಲ್ ತೆಗೆದು, ಹಬ್‌ಗಳನ್ನು ಫ್ರೀಗೆ ತಿರುಗಿಸಿ, ಕೆಸರಿಗೆಂದು ಟೈರಿನ ಗಾಳಿ ಇಳಿಸಿದ್ದರೆ ಮತ್ತೆ ತುಂಬಿಸಿ. ಮನೆಗೆ ಬಂದ ದಿನವೇ ಚಾಸಿಯಲ್ಲಿ ಕಂಪನಿಯೇ ಇಟ್ಟಿರುವ ತೂತುಗಳೊಳಗೆ ಪೈಪಿನಿಂದ ನೀರು ಬಿಡಿ, ಇಳಿಯುವ ನೀರು ತಿಳಿಯಾಗುವವರೆಗೆ.

ನಮಸ್ಕಾರ.