ಟರ್ಕಿಶ್ ನಾಮಪದದಲ್ಲಿ ಪ್ರತ್ಯಯಗಳ ಕ್ರಮ

ಕೇಳುಗರೆಲ್ಲರಿಗೂ ನಮಸ್ಕಾರ. ಟರ್ಕಿಶ್ ಕಲಿಯಲು ಹೊರಟವರಿಗೆ ಮೊದಲ ಪಾಠಗಳಲ್ಲಿಯೇ ವಿಭಕ್ತಿಗಳ ಪಟ್ಟಿಯನ್ನು ಉರುಹೊಡೆಸುವ ಪದ್ಧತಿಯುಂಟು. ನನಗೆ ಅದು ಖಂಡಿತ ಒಪ್ಪಿಗೆಯಿಲ್ಲ. ತಿಳಿಯಬೇಕಾದದ್ದು ಪ್ರತ್ಯಯಗಳು ಬರುವ ಕ್ರಮ: ಮೊದಲು ಬಹುವಚನ, ಆಮೇಲೆ ಒಡೆತನ, ಕೊನೆಗೆ ವಿಭಕ್ತಿ.

‘ಎವ್’ ಎಂದರೆ ಮನೆ. ‘ಎವ್‌ಲೆರ್’ ಮನೆಗಳು, ‘ಎವ್‌ಲೆರಿಮಿಝ್’ ನಮ್ಮ ಮನೆಗಳು, ‘ಎವ್‌ಲೆರಿಮಿಝ್‌ದೆ’ ನಮ್ಮ ಮನೆಗಳಲ್ಲಿ. ಕನ್ನಡದಲ್ಲಿ ‘ನಮ್ಮ’ ಎಂಬುದು ಬೇರೆ ಪದವಾಗಿ ಮೊದಲೇ ಬಂದುಬಿಡುತ್ತದೆ. ಟರ್ಕಿಶ್‌ನಲ್ಲಿ ಆ ಒಡೆತನವು ಬಹುವಚನಕ್ಕೂ ವಿಭಕ್ತಿಗೂ ನಡುವೆ ಸೇರಿಕೊಳ್ಳುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಇಸ್ತಾಂಬುಲ್‌ಗೆ ಹೋದಾಗ ನಡೆದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಪ್ರಸಿದ್ಧ ಗಲಾತಾ ಸೇತುವೆಗೆ ‘ಗಲಾತಾ ಕ್ಯೋಪ್ರುಸು’ ಎಂದು ಹೆಸರು. ನಕ್ಷೆಯಲ್ಲಿ ಅದನ್ನು ನೋಡಿ, ‘ಕ್ಯೋಪ್ರುಸು’ ಎಂದರೆ ಸೇತುವೆಯೆಂದೇ ತಿಳಿದಿದ್ದ ಆಕೆ, ಕರಾಕೋಯ್‌ನ ಗಲ್ಲಿಯೊಂದರಲ್ಲಿ ಸಿಮಿತ್ ಎಂಬ ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿ ಮಾರುತ್ತಿದ್ದ ಹಿರಿಯರನ್ನು, “ಕ್ಯೋಪ್ರುಸು ನೆರೆದೆ?”, ಅಂದರೆ ‘ಸೇತುವೆ ಎಲ್ಲಿದೆ?’ ಎಂಬರ್ಥದಲ್ಲಿ ಕೇಳಿದಳಂತೆ. ಅವರು ದಾರಿ ತೋರಿಸಲಿಲ್ಲ, “ನೆಯಿನ್ ಕ್ಯೋಪ್ರುಸು?”, ಅಂದರೆ ‘ಯಾವುದರ ಸೇತುವೆ?’ ಎಂದು ತಿರುಗಿ ಕೇಳಿದರು. ಆಕೆ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದಳು; ಅವರೂ ಅದನ್ನೇ, ಅಷ್ಟೇ ಸಮಾಧಾನದಿಂದ, ಮತ್ತೆ ಕೇಳಿದರು. ಆ ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. ಸೇತುವೆ ಎಂಬುದಕ್ಕೆ ‘ಕ್ಯೋಪ್ರು’ ಎಂದಷ್ಟೇ ಹೇಳಬೇಕು. ‘ಸು’ ಎಂಬುದು ಒಡೆತನದ ಪ್ರತ್ಯಯ, ಅದು ಬಂದೊಡನೆ ಕೇಳುವವರ ಕಿವಿ ಒಡೆಯನನ್ನು ಹುಡುಕುತ್ತದೆ. ‘ಸೇತುವೆಯ ಮೇಲೆ’ ಎನ್ನಲು ಬರಿಯ ‘ಕ್ಯೋಪ್ರುದೆ’ ಸಾಕು. ಗಲಾತಾ ಸೇತುವೆಯ ಮೇಲೆ ಎನ್ನುವಾಗ ‘ಗಲಾತಾ ಕ್ಯೋಪ್ರುಸುನ್‌ದೆ’. ‘ಸು’ ಮೊದಲು, ‘ದೆ’ ಆಮೇಲೆ, ನಡುವೆ ಒಂದು ‘ನ್’ ಕೊಂಡಿ. ಮತ್ತೆ ಅದೇ ಕ್ರಮ: ಒಡೆತನದ ನಂತರವೇ ವಿಭಕ್ತಿ.

ಸಮಯ ಸರಿಯುತ್ತಿದೆ, ಆದ್ದರಿಂದ ಸ್ವರಗಳ ಹೊಂದಾಣಿಕೆಯನ್ನು, ಅಂದರೆ ಪದದ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರವೂ ಬದಲಾಗುವುದನ್ನು, ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ‘ಎವ್’ ಶಬ್ದಕ್ಕೆ ‘ಲೆರ್’ ಹತ್ತಿದರೆ, ಕೋಣೆ ಎಂಬ ಅರ್ಥದ ‘ಓದಾ’ ಶಬ್ದಕ್ಕೆ ‘ಲಾರ್’ ಹತ್ತುತ್ತದೆ.

ದ್ವಿತೀಯಾ ವಿಭಕ್ತಿಯು ಕನ್ನಡಿಗರಿಗೆ ಸುಲಭ. ‘ಎವ್ ಗ್ಯೋರ್‌ದುಮ್’ ಎಂದರೆ ಯಾವುದೋ ಮನೆ ನೋಡಿದೆ. ‘ಎವಿ ಗ್ಯೋರ್‌ದುಮ್’ ಎಂದರೆ ಆ ಗೊತ್ತಾದ ಮನೆಯನ್ನೇ ನೋಡಿದೆ. ಒಡೆಯನಿರುವ ಮನೆಯು ಗೊತ್ತಾದ ಮನೆಯೇ ಆದ್ದರಿಂದ ‘ನನ್ನ ಮನೆಯನ್ನು ನೋಡಿದೆ’ ಎನ್ನುವಾಗ ಪ್ರತ್ಯಯವನ್ನು ಬಿಡುವಂತಿಲ್ಲ: ‘ಎವಿಮಿ ಗ್ಯೋರ್‌ದುಮ್’. ‘ಇಮ್’ ನನ್ನದು, ಅದರ ಬೆನ್ನಿಗೆ ‘ಇ’ ವಿಭಕ್ತಿ. ನಮಸ್ಕಾರ.