ಬೊಳ್ಳಿಗೆ ಬೂತಾಯಿ ತಂದ ದಿನ

ಕ್ಯಾಮೆರಾ ಅಲ್ಲಾಡುತ್ತಿದೆ, ಒಂದು ಕೈಯಲ್ಲಿ ಕೊಡೆ ಇತ್ತು. ಮಂಗಳೂರಿನ ಜುಲೈ ಮಳೆ, ಬೆಳಗ್ಗೆ 7 ಗಂಟೆ, ಮೀನು ಮಾರ್ಕೆಟ್. ಆ ದಿನ ನನಗೆ ಮಾತಾಡಲು ಆಗಲಿಲ್ಲ. ಮೂರು ದಿನ ಬಿಟ್ಟು ಈಗ ಧ್ವನಿ ಸೇರಿಸುತ್ತಿದ್ದೇನೆ.

ಬೂತಾಯಿ ಮೀನು ಬೇಕಿತ್ತು, ಬೊಳ್ಳಿಗೆ. ನಮ್ಮ ಪ್ರಾಣಿಗಳ ಶೆಲ್ಟರಿನ ಹಳೇ ವಿಡಿಯೋಗಳಲ್ಲಿ ಹಿಂದುಗಡೆ ಅಕ್ಕಿ ಗೋಣಿಯ ಮೇಲೆ ಒಂದು ಬಿಳಿ ಬೆಕ್ಕು ಮಲಗಿರುತ್ತದಲ್ವಾ, ಅವಳೇ. ತುಳುವಿನಲ್ಲಿ ಬೊಳ್ಳಿ ಅಂದರೆ ಬೆಳ್ಳಿ. ವಯಸ್ಸು ಸುಮಾರು 16, ಅದೂ ಡಾಕ್ಟ್ರು ಹೇಳಿದ ಅಂದಾಜು.

ಬೂತಾಯಿಯ ರೇಟು ಕೇಳಿ ಮಾರಾಯ್ರೆ. ಕಿಲೋಗೆ 360 ರೂಪಾಯಿ! ಜನವರಿಯಲ್ಲಿ ಇದೇ ಮೀನನ್ನು 120ಕ್ಕೆ ತಂದಿದ್ದೆ. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಎಲ್ಲವನ್ನೂ ದಕ್ಕೆಯಲ್ಲಿ ಕಟ್ಟಿ ಹಾಕಿರುತ್ತಾರೆ. ನಾಡದೋಣಿಗೆ ಅವಕಾಶ ಉಂಟು, ಆದರೆ ಆ ವಾರದ ಕಡಲಿಗೆ ಹೆದರಿ ಅವರೂ ಹೋಗಿರಲಿಲ್ಲ. ಉಳಿದದ್ದು ತಮಿಳುನಾಡು ಕಡೆಯಿಂದ ಬಂದ ಐಸ್ ಮೀನು. ಕಣ್ಣು ಮಸುಕು, ಹೊಟ್ಟೆ ಒಡೆದದ್ದು. ಅದಕ್ಕೆ 360! ನನಗೆ ಸಿಟ್ಟು ಬಂತು. ಮಾರುವ ಅಕ್ಕನ ಹತ್ತಿರ ಸುಮ್ನೆ ವಾದ ಮಾಡಿದೆ. "ಪುಚ್ಚೆಗಾ? ಎಷ್ಟು ಬೇಕು?" ಅಂದರು. ಪುಚ್ಚೆ ಅಂದರೆ ತುಳುವಿನಲ್ಲಿ ಬೆಕ್ಕು. ನಾಲ್ಕು ಸಾಕು ಅಂದೆ. ಬುಟ್ಟಿಯ ಅಡಿಗೆ ಕೈ ಹಾಕಿ ಗಟ್ಟಿ ಇರುವ ನಾಲ್ಕನ್ನು ಹುಡುಕಿ ಕೊಟ್ಟರು. 60 ರೂಪಾಯಿ. ಒಂದು ರೂಪಾಯಿ ಬಿಡಲಿಲ್ಲ. ಬಿಡಲೂಬಾರದು. ಆ ಮಳೆಯಲ್ಲಿ ಕೂತು ಮಾರುವವರ ಹತ್ತಿರ ನಾನು ಚೌಕಾಸಿ ಮಾಡಿದ್ದು ತಪ್ಪು.

ಇದು ಶೆಲ್ಟರಿನ ಅಡುಗೆಮನೆ. ಉಪ್ಪು, ಅರಸಿನ ಏನೂ ಇಲ್ಲ. ಬಿಸಿ ಇರುವಾಗಲೇ ಕೊಡಬೇಕು, ಕಾಯಿಲೆಯ ಬೆಕ್ಕಿಗೆ ವಾಸನೆ ಬಂದರೆ ಮಾತ್ರ ತಿನ್ನುವ ಮನಸ್ಸಾಗುತ್ತದೆ.

ಒಂದೂವರೆ ವರ್ಷದಿಂದ ಬೊಳ್ಳಿಗೆ ಮೀನು ಬಂದ್ ಆಗಿತ್ತು. ಕಿಡ್ನಿ. ಮೀನಿನಲ್ಲಿ ಫಾಸ್ಫರಸ್ ಜಾಸ್ತಿ. ಬೆಕ್ಕಿನ ಕಿಡ್ನಿ ಮೂರರಲ್ಲಿ ಎರಡು ಪಾಲು ಹಾಳಾಗುವ ತನಕ ಹೊರಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯ ವಯಸ್ಸಾದ ಬೆಕ್ಕು ಜಾಸ್ತಿ ನೀರು ಕುಡಿಯಲು ಶುರು ಮಾಡಿದರೆ, ಸೆಕೆಗೆ ಅಂತ ಬಿಟ್ಟುಬಿಡಬೇಡಿ. ನಾವು ಹಾಗೆ ಬಿಟ್ಟೆವು.

ಈ ಶಾಟ್ ಮೇ ತಿಂಗಳದ್ದು. ದಿನಾ 100 ಎಂಎಲ್ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ನೀರು, ಭುಜದ ಹತ್ತಿರ ಚರ್ಮದ ಕೆಳಗೆ. ಬಾಟಲಿಯನ್ನು ಬಿಸಿ ನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಅಲ್ಲಾಡದೆ ಕೂರುತ್ತಿದ್ದಳು. ಗುರುಗುರು ಅನ್ನುತ್ತಿದ್ದಳು. ನೋವಾದಾಗಲೂ ಬೆಕ್ಕು ಗುರುಗುಡುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಯಾವುದು ಯಾವುದಕ್ಕೆ ಅಂತ ಈಗ ಯೋಚಿಸುತ್ತಾ ಕೂರುತ್ತೇನೆ.

ಕೊನೆಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, 9.4 ಬಂತು. 5 ದಾಟಿದರೇ ಕೊನೆಯ ಹಂತ. ಡಾಕ್ಟ್ರು ಪೇಪರ್ ಮಡಚಿ, "ಇನ್ನು ಪಥ್ಯ ಬೇಡ, ತಿನ್ನುವುದನ್ನು ಕೊಡಿ" ಅಂದರು.

ಇವಳು ಬಂದದ್ದು ಆರು ವರ್ಷದ ಹಿಂದೆ. ರಾತ್ರಿ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಗೇಟಿನ ಹತ್ತಿರ ಇಟ್ಟು ಹೋಗಿದ್ದರು. ಕುತ್ತಿಗೆಯಲ್ಲಿ ಬೆಲ್ಟಿನ ಗುರುತು ಇತ್ತು, ಮನೆಯಲ್ಲಿ ಬೆಳೆದ ಬೆಕ್ಕು. ಅವರನ್ನು ನಾನು ಕ್ಷಮಿಸುವುದಿಲ್ಲ. ಬಾಡಿಗೆ ಮನೆಯಲ್ಲಿ ಬೇಡ ಅಂದಿರಬಹುದು, ಗಲ್ಫಿಗೆ ಹೊರಟಿರಬಹುದು, ಎಲ್ಲರಿಗೂ ಕಷ್ಟ ಇರುತ್ತದೆ, ಸರಿ. ಬೆಲ್ ಒತ್ತಿ ಹೆಸರಾದರೂ ಹೇಳಿ ಹೋಗಬಹುದಿತ್ತಲ್ವಾ? ಹತ್ತು ವರ್ಷ ಅವಳನ್ನು ಏನಂತ ಕರೆಯುತ್ತಿದ್ದರೋ. ಬೊಳ್ಳಿ ಅಂತ ಕರೆದರೆ ತಿರುಗಿ ನೋಡಲು ನಾಲ್ಕು ತಿಂಗಳು ಬೇಕಾಯಿತು. ಅಡಾಪ್ಶನ್‌ಗೆ ಬಂದವರೆಲ್ಲ ಮರಿ ಕೇಳಿದರು. ಇಲ್ಲವಾದರೆ ಪರ್ಷಿಯನ್ ಉಂಟಾ ಅಂತ ಕೇಳಿದರು.

ಅಯ್ಯೋ, ಶಾಟ್ ಮುಗಿಯಿತು. ಇಲ್ಲಿ ನೋಡಿ, ತಿನ್ನುತ್ತಿದ್ದಾಳೆ. ನಾಲ್ಕು ದಿನ ಬಾಯಿಗೆ ಏನೂ ಮುಟ್ಟಿಸದವಳು ಒಂದು ಮೀನು ಪೂರ್ತಿ ತಿಂದಳು. ಬೇಯಿಸಿದ ನೀರು ನೆಕ್ಕಿದಳು. ನಮ್ಮ ಶೆಲ್ಟರಿನ ಆಂಟಿ ಅತ್ತರು. ಆ ದಿನ ಕೊನೆಯ ಸೂಜಿ ಕೊಡಲು ಡಾಕ್ಟ್ರು ಬರುವವರಿದ್ದರು. ಇಷ್ಟು ತಿಂದಳಲ್ಲ, ಡಾಕ್ಟ್ರಿಗೆ ಬರಬೇಡಿ ಅನ್ನೋಣವಾ ಅಂತ ನಾನೇ ಕೇಳಿದೆ. ಹತ್ತು ನಿಮಿಷದಲ್ಲಿ ಎಲ್ಲಾ ವಾಂತಿ ಆಯಿತು. ಫೋನ್ ಕೆಳಗಿಟ್ಟೆ.

ನರಳುವ ಪ್ರಾಣಿಗೆ ಸೂಜಿ ಕೊಟ್ಟು ಕಳಿಸುವುದು ಕೊಂದ ಹಾಗೆ ಅಂತ ಹೋದ ವರ್ಷ ಇದೇ ಚಾನೆಲ್‌ನಲ್ಲಿ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮೊದಲು ನಿದ್ದೆಯ ಇಂಜೆಕ್ಷನ್, ಪೂರ್ತಿ ಮಲಗಿದ ಮೇಲೆ ಎರಡನೆಯದು. ಅವಳ ತಲೆ ನನ್ನ ಕೈಯಲ್ಲೇ ಇತ್ತು. ಅದನ್ನು ಶೂಟ್ ಮಾಡಿಲ್ಲ.

ಇದು ಪೇರಳೆ ಮರದ ಬುಡ. ಒಂದು ಅಡಿ ಮಣ್ಣು, ಕೆಳಗೆಲ್ಲ ಮುರಕಲ್ಲು. ಪಿಕ್ಕಾಸಿನಲ್ಲಿ ಅಗೆಯಲು ಒಂದೂವರೆ ಗಂಟೆ ಹಿಡಿಯಿತು. ಮೂರು ಅಡಿಯಾದರೂ ಬೇಕು, ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಅಗೆದಷ್ಟೂ ನೀರು ತುಂಬುತ್ತಿತ್ತು. ಆಂಟಿ ಚೊಂಬಿನಲ್ಲಿ ತೆಗೆಯುತ್ತಲೇ ಇದ್ದರು, ನೀರಿನಲ್ಲಿ ಮಲಗಿಸಲು ಅವರಿಗೆ ಮನಸ್ಸು ಬರಲಿಲ್ಲ. ಕೊನೆಗೆ ಅಕ್ಕಿ ಗೋಣಿಯನ್ನೇ ತಂದು ಅಡಿಗೆ ಹಾಸಿದೆವು. ಇಲ್ಲಿ ಮಳೆ ಜೋರಾಯಿತು, ಕ್ಯಾಮೆರಾ ಒಳಗಿಟ್ಟೆ.